ತರಗತಿಯಲ್ಲಿ ಉಪಕಾರಸ್ಮರಣೆ

ಬೇಲಾಪುರದಲ್ಲಿ ದುಡಿಯುವ ನಮ್ಮಲ್ಲಿ ಕೆಲವರ ಮಕ್ಕಳು ಕಲಬುರಗಿ, ವಿಜಯಪುರ ಸೀಮೆಯ ಊರ ಶಾಲೆಗಳಲ್ಲಿ ಉಂಡು ಓದುತ್ತಿರುವರು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲಾಯಿತು. ಆ ಊಟ ಭಿಕ್ಷೆಯಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಮಕ್ಕಳ ಹಕ್ಕು. ಹಾಗಾದರೆ ಉಪಕಾರ ನೆನೆಯಬೇಕಾದುದು ಯಾರದು? ಬೇಯಿಸಿ ಬಡಿಸುವ ತಾಯಿಯದು ಎಂದೇ ನಮ್ಮ ಅಭಿಪ್ರಾಯ.

‘ಧನ್ಯವಾದ’ ಪುಸ್ತಕದ ಮಾತು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬುದು ಮನೆಯ ಮಾತು. ಎಳೆಯ ಮಗುವಿಗೆ ಉಪದೇಶ ಹತ್ತದು, ಕೆಲಸ ಹತ್ತುತ್ತದೆ. ಸರದಿಯಂತೆ ನೀರು ಕೊಡಲಿ, ತಟ್ಟೆ ಜೋಡಿಸಲಿ. (ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಬಡಿಸಿ, ಕೊಠಡಿಯನ್ನೂ ಗುಡಿಸುತ್ತಾರೆ.) ಆದರೆ ಪೊರಕೆ ಹೆಣ್ಣುಮಕ್ಕಳ ಪಾಲಿಗೇ ಬೀಳಬಾರದು, ಸರದಿಯಲ್ಲಿ ಜಾತಿ ನುಸುಳಲೇಬಾರದು. ನುಸುಳಿದರೆ ಗುರುಗಳನ್ನು ಕೇಳುವ ಹಕ್ಕು ದೂರದಲ್ಲಿರುವ ತಂದೆಗೂ ಉಂಟು.

ಈ ಭಾನುವಾರ ಊರಿಗೆ ಫೋನು ಮಾಡಿದಾಗ ಮಗುವನ್ನು ಕೇಳಿನೋಡಿರಿ: ಅಡುಗೆಯಮ್ಮನ ಹೆಸರೇನು?