ವರೇಂದ್ರದ ಕರಿಗಲ್ಲು, ಕರ್ಣಾಟದ ಹೆಸರು

ಬಾಂಗ್ಲಾದೇಶದ ರಾಜಶಾಹಿ ನಗರದಲ್ಲಿರುವ ವರೇಂದ್ರ ಸಂಶೋಧನ ವಸ್ತುಸಂಗ್ರಹಾಲಯವು ಆ ದೇಶದ ಅತ್ಯಂತ ಹಳೆಯ ಸಂಗ್ರಹಾಲಯ. ವರೇಂದ್ರವೆಂಬುದು ಉತ್ತರ ಬಂಗಾಳದ ಪ್ರಾಚೀನ ಹೆಸರು. ದಿಘಾಪತಿಯಾ ಜಮೀನ್ದಾರಿ ಮನೆತನದ ಶರತ್‌ಕುಮಾರ ರಾಯ್, ವಕೀಲ ಅಕ್ಷಯಕುಮಾರ ಮೈತ್ರೇಯ, ಶಾಲಾ ಶಿಕ್ಷಕ ರಮಾಪ್ರಸಾದ ಚಂದ, ಈ ಮೂವರು 1910ರಲ್ಲಿ ಹಳ್ಳಿಗಳನ್ನು ಸುತ್ತಿ ಶಿಲ್ಪಗಳನ್ನು ಕಲೆಹಾಕತೊಡಗಿದರು. ಮೂವರಲ್ಲೊಬ್ಬರು ಶಾಲೆಯ ಮೇಷ್ಟರೆಂಬುದು ಗಮನಾರ್ಹ.

ಮೆಕ್ಕಲು ಮಣ್ಣಿನ ಆ ನಾಡಿನಲ್ಲಿ ಕಲ್ಲು ದುರ್ಲಭ. ಪಾಹಾಡಪುರದ ಸೋಮಪುರ ಮಹಾವಿಹಾರವೂ ಇಟ್ಟಿಗೆಯದೇ. ಅದರ ಗೋಡೆಗಳಿಗೆ ಸುಟ್ಟ ಮಣ್ಣಿನ ಫಲಕಗಳೇ ಅಲಂಕಾರ. ದೇವತಾಮೂರ್ತಿಗಳಿಗಾಗಿ ಮಾತ್ರ ಕರಿಗಲ್ಲನ್ನು ಹೊರಗಿನಿಂದ ತರಿಸುತ್ತಿದ್ದರು. ಸಂಗ್ರಹಾಲಯದಲ್ಲಿ ಪಾಲರ ಮತ್ತು ಸೇನರ ಕಾಲದ ಇಂತಹ ವಿಗ್ರಹಗಳು ಹೇರಳವಾಗಿವೆ. ಚಿತ್ರಗಳ ಮೂಲಕ ಇವನ್ನು ಪರಿಚಯಿಸುವ ಶಿಕ್ಷಕರು ಹೆಸರನ್ನು ಮೊದಲೇ ಹೇಳದಿರುವುದು ಒಳಿತು. ಮಕ್ಕಳು ಮೊದಲು ವಿಗ್ರಹದ ಹಿಂದಿನ ಶಿಲಾಫಲಕದ ಮೇಲ್ತುದಿಯನ್ನು ನೋಡಲಿ. ಹಳೆಯವುಗಳಲ್ಲಿ ಅದು ಸಾಮಾನ್ಯವಾಗಿ ದುಂಡಗಿರುತ್ತದೆ. ಹನ್ನೊಂದು, ಹನ್ನೆರಡನೆಯ ಶತಮಾನಗಳ ಹೊತ್ತಿಗೆ ಮೊನಚಾಗುತ್ತದೆ, ಕೆತ್ತನೆಯೂ ದಟ್ಟವಾಗುತ್ತದೆ. ಕಾಲವನ್ನು ಕಣ್ಣಿನಿಂದಲೇ ಓದಬಹುದೆಂದು ಮಗುವಿಗೆ ತಿಳಿಯುವುದು ಇಲ್ಲಿ.

ಇನ್ನು ಕನ್ನಡ ತರಗತಿಯಲ್ಲಿ ಎಚ್ಚರದಿಂದ ಹೇಳಬೇಕಾದ ಸಂಗತಿಯೊಂದಿದೆ. ರಾಜಶಾಹಿಗೆ ಸಮೀಪದ ದೇವಪಾರಾದಲ್ಲಿ 1865ರಲ್ಲಿ ದೊರೆತ ವಿಜಯಸೇನನ ಶಾಸನವು ಈಗ ಕೋಲ್ಕತ್ತದ ಭಾರತೀಯ ವಸ್ತುಸಂಗ್ರಹಾಲಯದಲ್ಲಿದೆ. ಸೇನರ ಪೂರ್ವಜರು ದಕ್ಷಿಣದವರು, ಸಾಮಂತಸೇನನು ಕರ್ಣಾಟದ ಸಂಪತ್ತನ್ನು ಸೂರೆಗೈದವರೊಡನೆ ಕಾದಾಡಿ ಮುಪ್ಪಿನಲ್ಲಿ ಗಂಗಾತೀರದ ಆಶ್ರಮಗಳನ್ನು ಸೇರಿದನು ಎಂದು ಅದು ಹೇಳುತ್ತದೆ. ಲಕ್ಷ್ಮಣಸೇನನ ಮಾಧಾಯಿನಗರ ತಾಮ್ರಪಟವು ಈ ವಂಶದವರನ್ನು ಕರ್ಣಾಟ ಕ್ಷತ್ರಿಯರೆಂದೇ ಕರೆಯುತ್ತದೆ. ಚಾಲುಕ್ಯರ ದಂಡಯಾತ್ರೆಗಳೊಡನೆ ಬಂದವರಿರಬೇಕೆಂಬುದು ವಿದ್ವಾಂಸರ ಊಹೆ.

ಇದನ್ನು ಕೇಳಿದೊಡನೆ, ಹಾಗಾದರೆ ಆ ಮೂರ್ತಿಗಳು ನಮ್ಮವೇ ಎಂದು ಮಕ್ಕಳು ಕೇಳುವುದು ಸಹಜ. ಗಡಿಯಾಚೆ ಬೆಳೆಯುವ ಕನ್ನಡದ ಮಗುವಿಗೆ ಈ ಆಸೆ ತುಸು ಹೆಚ್ಚೇ ಇರುತ್ತದೆ. ಅದನ್ನು ಗದರಿಸಬೇಕಾಗಿಲ್ಲ, ಆದರೆ ಹೌದೆನ್ನಲೂ ಬಾರದು. ಸೇನರ ಶಾಸನಗಳ ಭಾಷೆ ಸಂಸ್ಕೃತ, ಕನ್ನಡವಲ್ಲ. ವಂಶದ ಮೂಲ ಬೇರೆ, ಶಿಲ್ಪದ ಮೂಲ ಬೇರೆ. ಇದಕ್ಕೆ ಉತ್ತರವನ್ನು ದೇವಪಾರಾ ಶಾಸನದ ಕೊನೆಯಲ್ಲಿಯೇ ಹುಡುಕಲು ಹೇಳಬಹುದು. ಅಲ್ಲಿ ಅಕ್ಷರಗಳನ್ನು ಕೆತ್ತಿದವನ ಹೆಸರಿದೆ: ರಾಣಕ ಶೂಲಪಾಣಿ, ವರೇಂದ್ರದ ಶಿಲ್ಪಿಗಳ ಗೋಷ್ಠಿಗೆ ಚೂಡಾಮಣಿ.