ತಂದೆಯವರ ಹಳೆಯ ಯೆಜ್ಡಿಗೆ ಮರುಜೀವ: ಮಿತವ್ಯಯದ ಯೋಜನೆ, ಕಾನೂನು ಮತ್ತು ಲೆಕ್ಕಪತ್ರ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ವರ್ತಕರ ಮನೆಗಳಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ಲೊಂದು ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವುದುಂಟು. ಸಂತೆಯಿಂದ ಸಂತೆಗೆ ತಿರುಗಿ ವ್ಯಾಪಾರ ಕಟ್ಟಿದ ಹಿರಿಯರ ವಾಹನವದು. ಅದನ್ನು ದುರಸ್ತಿಗೊಳಿಸಿ ತಂದೆಯವರ ಕೈಗೆ ಒಪ್ಪಿಸಬೇಕೆಂಬ ಆಸೆ ಮಕ್ಕಳಲ್ಲಿ ಮೂಡುವುದು ಸಹಜ. ಆದರೆ ಆಸೆಯೊಂದರಿಂದಲೇ ಕಾರ್ಯ ಸಾಗದು. ಯೋಜನೆಯಿಲ್ಲದೆ ಆರಂಭಿಸಿದ ಇಂತಹ ಕೆಲಸಗಳು ಅರ್ಧಕ್ಕೆ ನಿಲ್ಲುತ್ತವೆ, ಇಲ್ಲವೇ ವ್ಯಾಪಾರದ ದುಡಿಯುವ ಬಂಡವಾಳವನ್ನೇ ಕರಗಿಸುತ್ತವೆ. ಈ ಕಾರ್ಯವನ್ನು ವೆಚ್ಚ ನಿಯಂತ್ರಣದ ಪಾಠವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಟ್ ರಾಡ್ ಎಂಬ ಪರಂಪರೆ

ಹಳೆಯ ವಾಹನವನ್ನು ಕಡಿಮೆ ಖರ್ಚಿನಲ್ಲಿ ಸ್ವಂತ ಕೈಯಿಂದ ಕಟ್ಟುವ ಪದ್ಧತಿಗೆ ಅಮೆರಿಕೆಯಲ್ಲಿ ದೊಡ್ಡ ಪರಂಪರೆಯೇ ಇದೆ. 1930 ಮತ್ತು 40ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಗುಜರಿಯಲ್ಲಿ ಅಗ್ಗಕ್ಕೆ ದೊರೆಯುತ್ತಿದ್ದ ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಭಾರವಾದ ಭಾಗಗಳನ್ನು ಕಳಚಿ, 1932ರಲ್ಲಿ ಫೋರ್ಡ್ ಕಂಪನಿ ತಂದ ವಿ-8 ಎಂಜಿನ್ನನ್ನು ಜೋಡಿಸಿ, ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಇವೇ ಹಾಟ್ ರಾಡ್‌ಗಳು. ಆ ಕಾಲದ ಬಿಡಿಭಾಗಗಳನ್ನೇ ಬಳಸಿ ಇಂದು ಕಟ್ಟುವವುಗಳನ್ನು ಸಾಂಪ್ರದಾಯಿಕ ಹಾಟ್ ರಾಡ್ ಎನ್ನುತ್ತಾರೆ.

ಈ ಪದ್ಧತಿಯಲ್ಲಿ ನಾವು ಸ್ವೀಕರಿಸಬಹುದಾದುದು ಒಂದು, ಸ್ವೀಕರಿಸಲಾಗದ್ದು ಇನ್ನೊಂದು. ಮಿತವ್ಯಯ, ಸ್ವಂತ ಶ್ರಮ ಮತ್ತು ಹಳೆಯ ಬಿಡಿಭಾಗಗಳ ಮರುಬಳಕೆ ಸ್ವೀಕಾರಾರ್ಹ. ವಾಹನದ ಮೂಲ ರೂಪವನ್ನೇ ಬದಲಿಸುವುದು ಮಾತ್ರ ನಮ್ಮಲ್ಲಿ ಸಲ್ಲದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿದೆ. ಆದ್ದರಿಂದ ನಮ್ಮ ಗುರಿ ಮಾರ್ಪಾಡಲ್ಲ, ಮೂಲ ಸ್ಥಿತಿಗೆ ತರುವ ಪುನಶ್ಚೇತನ.

ಯೆಜ್ಡಿಯೇ ಏಕೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯಾದ ಪರವಾನಗಿಯಡಿ ಜಾವಾ ಮೋಟಾರ್ ಸೈಕಲ್ಲುಗಳ ತಯಾರಿಕೆ ಆರಂಭಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 250 ಸಿ.ಸಿ. ವರ್ಗದ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್: ಇವು ಅದರ ಲಕ್ಷಣಗಳು. ರಚನೆ ಸರಳ. ಪಿಸ್ಟನ್ನಿನ ಸವೆತಕ್ಕೆ ಸಿಲಿಂಡರನ್ನು ರೀಬೋರ್ ಮಾಡಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದರೆ ಸಾಕು. ಅಕ್ಕಿ ಗಿರಣಿಗಳು ಮತ್ತು ಟ್ರ್ಯಾಕ್ಟರುಗಳನ್ನು ನಂಬಿರುವ ಗಂಗಾವತಿಯಂತಹ ಊರಿನಲ್ಲಿ ಲೇತ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಎಂಜಿನ್ನಿನ ಬ್ಲಾಕುಗಳನ್ನೇ ಎರಕ ಹೊಯ್ಯುವ ಜಿಲ್ಲೆ ನಮ್ಮದು. ಕಬ್ಬಿಣದ ಕೆಲಸ ನಮಗೆ ಹೊಸದಲ್ಲ.

ಮೊದಲ ಹೆಜ್ಜೆ: ಕಾಗದಪತ್ರ

ಸ್ಪ್ಯಾನರ್ ಹಿಡಿಯುವ ಮೊದಲು ನೋಂದಣಿ ಪತ್ರವನ್ನು ಹುಡುಕಬೇಕು. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಯೆಜ್ಡಿ ಕಾರ್ಖಾನೆ ಮುಚ್ಚಿದ್ದು ಅದಕ್ಕೂ ಒಂದು ವರ್ಷ ಮೊದಲು. ಹೀಗಾಗಿ ಇಲ್ಲಿನ ಯೆಜ್ಡಿಗಳ ಮೊದಲ ನೋಂದಣಿ ಸಾಮಾನ್ಯವಾಗಿ ಕೆಎ-37ರದಾಗಿರದೆ ರಾಯಚೂರಿನ ಅಥವಾ ಬೇರೆ ಜಿಲ್ಲೆಯ ಕಚೇರಿಯದಾಗಿರುತ್ತದೆ. ಆ ದಾಖಲೆ ಗಣಕೀಕೃತವಾಗಿದೆಯೇ, ವಾಹನವು ತಂದೆಯವರ ಹೆಸರಿನಲ್ಲೇ ಇದೆಯೇ, ಹಳೆಯ ತೆರಿಗೆ ಬಾಕಿಯಿದೆಯೇ ಎಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಎಂಜಿನ್ ಮತ್ತು ಛಾಸಿ ಸಂಖ್ಯೆಗಳು ಪತ್ರದೊಡನೆ ತಾಳೆಯಾಗಬೇಕು.

ಹದಿನೈದು ವರ್ಷ ಮೀರಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ 25ನೆಯ ನಮೂನೆಯ ಅರ್ಜಿ. ಇಪ್ಪತ್ತು ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಲಾಯಿತು. ವಿಳಂಬಕ್ಕೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕವನ್ನು 2021ರ ತಿದ್ದುಪಡಿ ವಿಧಿಸಿದೆ. ಹಲವು ವರ್ಷ ನವೀಕರಿಸದ ವಾಹನವಾದರೆ ಈ ಬಾಕಿಯೇ ಎಂಜಿನ್ ಕೆಲಸದ ಖರ್ಚನ್ನು ಮೀರಬಹುದು. ಆದುದರಿಂದ ಬಾಕಿಯ ಲೆಕ್ಕ ತಿಳಿದ ನಂತರವೇ ಮುಂದಿನ ನಿರ್ಧಾರ.

ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಇದಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಸೀಮಿತ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ತಂದೆಯವರು ಬೆಳಿಗ್ಗೆ ಗುಡಿಗೆ, ಸಂಜೆ ಅಂಗಡಿಗೆ ಹೋಗಬೇಕೆಂದರೆ ಸಾಮಾನ್ಯ ನೋಂದಣಿಯ ನವೀಕರಣವೇ ಸೂಕ್ತ. ಮೂರನೆಯ ವ್ಯಕ್ತಿ ವಿಮೆ ಹಾಗೂ ಹೊಗೆ ತಪಾಸಣೆ ಪ್ರಮಾಣಪತ್ರ ಕಡ್ಡಾಯ. ತಂದೆಯವರ ಚಾಲನಾ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಮರೆಯದೆ ನೋಡಿಕೊಳ್ಳಬೇಕು.

ಮುಂಗಡಪತ್ರ

ಉದಾಹರಣೆಗೆಂದು, ಕುಷ್ಟಗಿಯ ಕಿರಾಣಿ ವರ್ತಕರೊಬ್ಬರು ಈ ಕಾರ್ಯಕ್ಕೆ 60,000 ರೂಪಾಯಿ ಮಿತಿ ಹಾಕಿಕೊಂಡರೆಂದು ಭಾವಿಸೋಣ. ಹಂಚಿಕೆ ಹೀಗಿರಬಹುದು (ಅಂಕಿಗಳು ಕೇವಲ ಮಾದರಿ):

1. ನೋಂದಣಿ, ವಿಮೆ, ಇತರ ಕಾಗದಪತ್ರ: ರೂ. 6,000
2. ಎಂಜಿನ್ (ರೀಬೋರ್, ಪಿಸ್ಟನ್, ಬೇರಿಂಗ್, ಆಯಿಲ್ ಸೀಲ್, ಕಾರ್ಬುರೇಟರ್): ರೂ. 18,000
3. ಬ್ರೇಕ್, ಟೈರ್, ಚೈನ್, ಕೇಬಲ್: ರೂ. 12,000
4. ವೈರಿಂಗ್, ಬ್ಯಾಟರಿ, ದೀಪ, ಹಾರ್ನ್: ರೂ. 6,000
5. ಬಣ್ಣ, ಕ್ರೋಮ್, ಸೀಟು: ರೂ. 8,000
6. ಅನಿರೀಕ್ಷಿತ ವೆಚ್ಚಕ್ಕೆ ಮೀಸಲು: ರೂ. 10,000

ಇಲ್ಲಿ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಒಂದನೆಯದಾಗಿ, ಅನುಕ್ರಮ. ಬ್ರೇಕಿನ ಕೆಲಸ ಮುಗಿಯುವ ಮೊದಲು ಬಣ್ಣಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಹೊಳೆಯುವ ಟ್ಯಾಂಕ್ ಕಣ್ಣಿಗೆ ಹಬ್ಬವಾದೀತು. ಹಿರಿಯರ ಪ್ರಾಣ ಕಾಯುವುದು ಬ್ರೇಕ್. ಎರಡನೆಯದಾಗಿ, ಬಿಚ್ಚಿದ ಮೇಲೆಯೇ ಖರೀದಿ. ವಾಹನವನ್ನು ಪೂರ್ಣ ಕಳಚಿ, ಪ್ರತಿ ಭಾಗವನ್ನು ‘ಉಪಯೋಗಕ್ಕೆ ಯೋಗ್ಯ, ದುರಸ್ತಿಗೆ ಯೋಗ್ಯ, ಬದಲಿಸತಕ್ಕದ್ದು’ ಎಂದು ಮೂರು ಪಟ್ಟಿ ಮಾಡಬೇಕು. ಉತ್ಪಾದಕರು ತಮ್ಮ ಕಾರ್ಖಾನೆಯಲ್ಲಿ ಸಾಮಗ್ರಿ ಪಟ್ಟಿ ಮಾಡುವ ಕ್ರಮವೇ ಇದು. ಮೂರನೆಯದಾಗಿ, ಆಗಿಹೋದ ಖರ್ಚಿಗೆ ಮರುಗಬಾರದು. 40,000 ರೂಪಾಯಿ ಖರ್ಚಾದ ನಂತರ ಕ್ರ್ಯಾಂಕ್ ಕೇಸ್ ಸೀಳಿರುವುದು ತಿಳಿದರೆ, ‘ಇಷ್ಟು ಹಾಕಿದ್ದೇವಲ್ಲ’ ಎಂಬ ಕಾರಣಕ್ಕೆ ಮುಂದುವರಿಯುವುದು ತರವಲ್ಲ. ಇನ್ನು ಮುಂದೆ ತಗಲುವ ವೆಚ್ಚವೆಷ್ಟು, ಅದರಿಂದ ದೊರೆಯುವ ಪ್ರಯೋಜನವೇನು ಎಂಬುದಷ್ಟೇ ಆಗಿನ ಪ್ರಶ್ನೆ.

ತಾಂತ್ರಿಕವಾಗಿ ಒಂದು ಎಚ್ಚರಿಕೆ. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಇದು ಹಳೆಯ ರಬ್ಬರ್ ಭಾಗಗಳನ್ನು ಕೆಡಿಸಬಲ್ಲದು, ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು ಮತ್ತು ವಾಷರುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಬೇಕು. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಖಾಲಿ ಮಾಡಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ವರ್ತಕ ಬಂಧುಗಳು ವಿಶೇಷವಾಗಿ ಗಮನಿಸತಕ್ಕ ಭಾಗವಿದು. ಅಂಗಡಿಯ ಗಲ್ಲೆಯಿಂದ ತೆಗೆದ ಹಣವನ್ನು ‘ವಾಹನ ದುರಸ್ತಿ ಖರ್ಚು’ ಎಂದು ಕೀರ್ದಿಯಲ್ಲಿ ಬರೆಯಬಾರದು. ತಂದೆಯವರ ಸ್ವಂತ ವಾಹನಕ್ಕೆ ಮಾಡಿದ ವೆಚ್ಚ ವ್ಯಾಪಾರದ ವೆಚ್ಚವಲ್ಲ. ಅದನ್ನು ಮಾಲೀಕರ ಅಥವಾ ಪಾಲುದಾರರ ಸ್ವಂತ ಹಿಂತೆಗೆತದ ಖಾತೆಗೆ ಖರ್ಚು ಬರೆಯಬೇಕು. ಪಾಲುದಾರಿಕೆ ಸಂಸ್ಥೆಯಾದರೆ ಇತರ ಪಾಲುದಾರರಿಗೆ ಮೊದಲೇ ತಿಳಿಸುವುದು ಕ್ಷೇಮ. ಅಣ್ಣತಮ್ಮಂದಿರ ಮನಸ್ತಾಪಗಳು ಇಂತಹ ಚಿಕ್ಕ ಬರಹಗಳಿಂದಲೇ ಹುಟ್ಟುತ್ತವೆ. ವಾಹನವು ಸಂಸ್ಥೆಯ ಹೆಸರಿನಲ್ಲೇ ಇದ್ದರೂ ಜಿ.ಎಸ್.ಟಿ. ಕಾಯಿದೆಯ 17(5) ಕಲಮಿನಡಿ ಇಂತಹ ವಾಹನದ ದುರಸ್ತಿ ಸೇವೆಯ ಮೇಲಿನ ತೆರಿಗೆಗೆ ಸಾಮಾನ್ಯವಾಗಿ ಹೂಡುವಳಿ ಜಮೆ ದೊರೆಯದು.

ಹಣ ಓವರ್‌ಡ್ರಾಫ್ಟ್ ಖಾತೆಯಿಂದ ಬಂದರೆ ಬಡ್ಡಿಯನ್ನೂ ವೆಚ್ಚಕ್ಕೆ ಸೇರಿಸಬೇಕು. 60,000 ರೂಪಾಯಿಗೆ ಶೇ. 12ರಂತೆ ವರ್ಷಕ್ಕೆ 7,200 ರೂಪಾಯಿ. ಇದಕ್ಕಿಂತ ತಿಂಗಳಿಗೆ 5,000ದಂತೆ ಹನ್ನೆರಡು ತಿಂಗಳು ಸ್ವಂತ ಉಳಿತಾಯದಿಂದ ಕೂಡಿಸಿ ಹಂತಹಂತವಾಗಿ ಕೆಲಸ ನಡೆಸುವುದು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ಮುಂದೆಂದಾದರೂ ಮಾರಿದರೆ? ಸ್ವಂತ ಬಳಕೆಯ ವಾಹನವು ಆದಾಯ ತೆರಿಗೆಯಲ್ಲಿ ವೈಯಕ್ತಿಕ ವಸ್ತುವೆನಿಸಿ ಬಂಡವಾಳ ಲಾಭದ ತೆರಿಗೆಯಿಂದ ಹೊರಗುಳಿಯುತ್ತದೆ. ಆದರೆ ವೈಯಕ್ತಿಕ ಬಳಕೆಗೆ ಪುರಾವೆ ಬೇಕು. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಕಾರನ್ನು 21 ಲಕ್ಷಕ್ಕೆ ಮಾರಿದವರ ಪ್ರಕರಣದಲ್ಲಿ, ಬಳಕೆಯ ಪುರಾವೆ ಇಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2025ರಲ್ಲಿ ತೆರಿಗೆಯನ್ನು ಎತ್ತಿಹಿಡಿಯಿತು. ವಿಮೆ, ಪೆಟ್ರೋಲ್ ಮತ್ತು ದುರಸ್ತಿಯ ರಸೀದಿಗಳನ್ನು ಒಂದು ಕಡತದಲ್ಲಿ ಇಡುವುದು ಇದಕ್ಕಾಗಿ.

ಕಾಲದ ಲೆಕ್ಕ

ಮೇಲಿನ ಎಲ್ಲ ಲೆಕ್ಕಗಳಿಗಿಂತ ದೊಡ್ಡ ಲೆಕ್ಕವೊಂದಿದೆ. ಎಪ್ಪತ್ತೈದು ದಾಟಿದ ತಂದೆಯವರಿಗಾಗಿ ಕೈಗೊಂಡ ಕೆಲಸವನ್ನು ಮೂರು ವರ್ಷ ಎಳೆದರೆ, ಅದು ಮುಗಿಯುವ ಹೊತ್ತಿಗೆ ಅವರ ಕಾಲಿಗೆ ಕಿಕ್ ಹೊಡೆಯುವ ಶಕ್ತಿ ಉಳಿದಿರದು. ಆಗ ಉಳಿಯುವುದು ವಾರಸುದಾರರ ಕಾಗದಪತ್ರ ಮಾತ್ರ: ಮಾಲೀಕರು ತೀರಿಕೊಂಡ ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. 2021ರಿಂದ ನೋಂದಣಿ ಪತ್ರದಲ್ಲಿ ನಾಮನಿರ್ದೇಶನಕ್ಕೂ ಅವಕಾಶವಿದೆ. ನವೀಕರಣದ ವೇಳೆಯಲ್ಲೇ ಅದನ್ನು ಮಾಡಿಸಿಕೊಳ್ಳಬಹುದು.

ಆದ್ದರಿಂದ ಹಣಕ್ಕೆ ಮಿತಿ ಹಾಕಿದಂತೆ ದಿನಕ್ಕೂ ಮಿತಿ ಹಾಕಬೇಕು. ಬಣ್ಣ ಮಾಸಿದ್ದರೂ ಚಿಂತೆಯಿಲ್ಲ. ಮೊದಲು ಸುರಕ್ಷಿತವಾಗಿ ಓಡಲಿ. ಬಿಡಿಭಾಗಗಳನ್ನು ಗುರುತಿಸುವಾಗ ತಂದೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಯಂತ್ರದ ಯಾವ ನಟ್ಟು ಎಂದು ಬದಲಾಯಿತೆಂಬುದು ಅವರ ನೆನಪಿನಲ್ಲಿರುತ್ತದೆ. ಅವರ ಸಲಹೆಗೆ ಶುಲ್ಕವಿಲ್ಲ, ಅದರ ಮೇಲೆ ಜಿ.ಎಸ್.ಟಿ.ಯೂ ಇಲ್ಲ.