ದಪ್ಪಕ್ಷರದ ಮೂರು ಅಂಕಿಗಳು

ಸೂಳೆಕೆರೆ ಸೀಮೆಯಿಂದ ಬರೆದ ಸಹೋದರಿಗೆ, ನಿಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ಮೂರು ಅಂಕಿಗಳು ದಪ್ಪಕ್ಷರದಲ್ಲಿವೆ ನಿಜ. ಆದರೆ ಮೂರಕ್ಕೂ ಒಂದೇ ತೂಕವಿಲ್ಲ. ಲ್ಯಾಬಿನವರು ‘ಸಾಮಾನ್ಯ ಮಿತಿ’ ಎಂದು ಮುದ್ರಿಸುವುದು ಆರೋಗ್ಯವಂತರಲ್ಲಿ ಶೇ 95ರಷ್ಟು ಜನರ ಅಂಕಿ ಬೀಳುವ ವ್ಯಾಪ್ತಿಯನ್ನು. ಹಾಗಾಗಿ ಯಾವ ಕಾಯಿಲೆಯೂ ಇಲ್ಲದ 20 ಜನರಲ್ಲಿ ಸರಾಸರಿ ಒಬ್ಬರು ಗೆರೆಯಾಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ಮಿತಿ ಮೀರುವ ಸಾಧ್ಯತೆ ಸುಮಾರು ಶೇ 64. ನಿಮ್ಮ ಪ್ಲೇಟ್‌ಲೆಟ್ 1.45 ಲಕ್ಷ, ಉರಿಯೂತದ ಸುಳಿವು ಕೊಡುವ ಇಎಸ್‌ಆರ್ 24. ಇವು ಕೂದಲೆಳೆಯ ವ್ಯತ್ಯಾಸಗಳು. ಜ್ವರವಿಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡಿಸಿದರೆ ಸಾಕು.

ಹಾಗಾದರೆ ಎಲ್ಲವನ್ನೂ ಮರೆಯಬಹುದೇ? ಖಂಡಿತ ಇಲ್ಲ. ಹಿಮೋಗ್ಲೋಬಿನ್ 9.6 ಎಂಬುದು ಆಕಸ್ಮಿಕವಲ್ಲ. ಗರ್ಭಿಣಿಯರಲ್ಲದ ಹೆಂಗಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗಡಿ 12. ಕೆಂಪು ರಕ್ತಕಣಗಳ ಗಾತ್ರ ಹೇಳುವ ಎಂಸಿವಿ 70 ಇರುವುದರಿಂದ ಆ ಕಣಗಳೂ ಚಿಕ್ಕವಾಗಿವೆ. ಇದನ್ನು ನಾಟಿ, ಕಳೆ ಕೆಲಸದ ಸುಸ್ತೆಂದು ದಯವಿಟ್ಟು ತಳ್ಳಿಹಾಕಬೇಡಿ. ನೇರವಾಗಿ ಕಬ್ಬಿಣಾಂಶದ ಮಾತ್ರೆ ನುಂಗಿದರಾಯಿತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಬಹಳ ಸಲ ಕಾರಣ ಕಬ್ಬಿಣಾಂಶದ ಕೊರತೆಯೇ. ಆದರೆ ತಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲೂ ಕಣಗಳು ಚಿಕ್ಕವಿರುತ್ತವೆ. ಕೊರತೆಯಿದ್ದರೂ ಅದು ಏಕೆ ಬಂತೆಂದು ಮಾತ್ರೆ ಹೇಳುವುದಿಲ್ಲ. ಚನ್ನಗಿರಿಯ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ವರದಿ ತೋರಿಸಿ, ದೇಹದ ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ, ಮಲ ಕಪ್ಪಗಿದ್ದರೆ ಸಂಕೋಚಪಡದೆ ಹೇಳಿ. ಮಾತ್ರೆ ಕೊಟ್ಟರೆ ಅದರ ಜೊತೆ ಚಹಾ ಕುಡಿಯಬೇಡಿ.